ಗಿಟಾರಿನ ವರ್ಧಕ: ಒಳಗಿನ ಶ್ರುತಿ, ಹೊರಗಿನ ಬೆಲೆ

ಪುಷ್ಯಮಾಸದ ಬನದ ಹುಣ್ಣಿಮೆಯಂದು ಬದಾಮಿಯ ಬನಶಂಕರಿಯಲ್ಲಿ ತೇರು ಸಾಗುವುದರೊಡನೆ ನಾಟಕ ಕಂಪನಿಗಳ ಹಂಗಾಮವೂ ಕಳೆಗಟ್ಟುತ್ತದೆ. ವಾರಗಟ್ಟಲೆ ನಡೆಯುವ ಆ ಜಾತ್ರೆಯಲ್ಲಿ ಒಂದರ ಮಗ್ಗುಲಿಗೆ ಒಂದರಂತೆ ನಾಟಕದ ಥಿಯೇಟರುಗಳು ಏಳುತ್ತವೆ. ಬಾಗಲಕೋಟೆ, ಹುನಗುಂದ, ಇಳಕಲ್ಲುಗಳಿಂದ ಬಂದ ಪ್ರೇಕ್ಷಕನು ಕಟ್ಟಕಡೆಯ ಸಾಲಿನಲ್ಲಿ ಕುಳಿತರೂ ನಟನ ಪ್ರತಿಯೊಂದು ಮಾತೂ ಅವನ ಕಿವಿಗೆ ಸ್ಪಷ್ಟವಾಗಿ ಮುಟ್ಟಬೇಕು. ಈ ಕೆಲಸವನ್ನು ಮಾಡಿಕೊಡುವ ಉಪಕರಣವೇ ವರ್ಧಕ, ಎಂದರೆ ಆಂಪ್ಲಿಫೈಯರು. ಮೈಕಿನಿಂದ ಬಂದ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಹಿಗ್ಗಿಸಿ ಸ್ಪೀಕರಿಗೆ ಒದಗಿಸುವುದು ಅದರ ಕರ್ತವ್ಯ. ಹಿಗ್ಗಿಸುವಾಗ ಸಂಕೇತದ ಆಕಾರ ಮಾತ್ರ ಕೆಡಬಾರದು. ವರ್ಧಕವನ್ನು ಅದರ ಶಕ್ತಿಗೆ ಮೀರಿ ದುಡಿಸಿದರೆ ದನಿ ಒಡೆಯುತ್ತದೆ. ವ್ಯಂಜನಗಳು ಒಂದರಲ್ಲೊಂದು ಕಲೆತು ಮಾತು ಅರ್ಥವಾಗದಂತಾಗುತ್ತದೆ. ನಾಟಕದವರಿಗೆ ಇದು ದೊಡ್ಡ ದೋಷ.

ಆದರೆ ಇದೇ ಒಡೆದ ದನಿಯನ್ನು ಬಯಸಿ, ಅದಕ್ಕೆಂದೇ ವರ್ಧಕವನ್ನು ಕಟ್ಟಿಸಿಕೊಳ್ಳುವ ಕಲಾವಿದರೂ ಉಂಟು. ಅವರು ವಿದ್ಯುತ್ ಗಿಟಾರಿನ ವಾದಕರು. ಅವರಿಗಾಗಿ ಅಮೆರಿಕದ ಒಬ್ಬಿಬ್ಬರು ಕುಶಲಿಗಳು ಕೈಯಿಂದ ಕಟ್ಟಿದ ಕೆಲವೇ ವರ್ಧಕಗಳು ಈಗ ಒಂದು ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ, ಎಂದರೆ ನಮ್ಮ ಎಂಬತ್ತು ಲಕ್ಷ ರೂಪಾಯಿಗೂ ಹೆಚ್ಚಿನ ಬೆಲೆಗೆ, ಸಂಗ್ರಾಹಕರ ಕೈ ಸೇರುತ್ತಿವೆ. ಅಂತಹ ಪೆಟ್ಟಿಗೆಯ ಒಳಗೆ ಇರುವುದೇನು? ಆ ಬೆಲೆ ಅದರೊಳಗಿನ ಭೌತವಿಜ್ಞಾನಕ್ಕೆ ಸಲ್ಲುವುದೊ, ಬೇರೊಂದು ಕಾರಣಕ್ಕೆ ಸಲ್ಲುವುದೊ? ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ವಿಚಾರಮಾಡೋಣ.

ಕೊಳವೆಯ ಕಾರ್ಯ

ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ, ಅದರ ಸುತ್ತ ಸಾವಿರಾರು ಸುತ್ತುಗಳುಳ್ಳ ತೆಳುವಾದ ತಾಮ್ರದ ಸುರುಳಿಯೂ ಇರುತ್ತವೆ. ತಂತಿ ಮಿಡಿದಾಗ ಕಾಂತಕ್ಷೇತ್ರವು ಏರಿಳಿಯುತ್ತದೆ. ಫ್ಯಾರಡೆಯ ನಿಯಮದಂತೆ ಸುರುಳಿಯಲ್ಲಿ ವೋಲ್ಟೇಜು ಪ್ರೇರಿತವಾಗುತ್ತದೆ. ಅದು ಸುಮಾರು 0.1 ವೋಲ್ಟ್ ಎಂದು ಇಟ್ಟುಕೊಳ್ಳೋಣ. ಇಷ್ಟರಿಂದ ಸ್ಪೀಕರು ಅಲುಗಾಡಲಾರದು.

1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಅಗ್ರಗಳ ನಿರ್ವಾತ ಕೊಳವೆಯನ್ನು ರಚಿಸಿದನು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅವೆರಡರ ನಡುವೆ ಮೂರನೆಯದಾಗಿ ಒಂದು ಜಾಲರಿಯನ್ನು ಸೇರಿಸಿದನು. ನಮ್ಮ ಜನ ವಾಲ್ವು ಎಂದು ಕರೆಯುವುದು ಈ ಕೊಳವೆಯನ್ನೇ. ಕಾದ ಋಣಾಗ್ರದಿಂದ ಎಲೆಕ್ಟ್ರಾನುಗಳು ಹೊರಟು, ನಿರ್ವಾತದಲ್ಲಿ ಹಾದು, ಧನಾಗ್ರವನ್ನು ಸೇರುತ್ತವೆ. ದಾರಿಯಲ್ಲಿರುವ ಜಾಲರಿಗೆ ಋಣ ವೋಲ್ಟೇಜು ಕೊಟ್ಟರೆ ಪ್ರವಾಹ ತಗ್ಗುತ್ತದೆ; ಅದನ್ನು ಸಡಿಲಿಸಿದರೆ ಪ್ರವಾಹ ಹೆಚ್ಚುತ್ತದೆ. ಕಾಲುವೆಯ ಬಾಗಿಲನ್ನು ಒಂದು ಬೆರಳು ಎತ್ತಿದರೆ ಹೊಲಕ್ಕೆ ಹರಿಯುವ ನೀರು ಬಹಳ ಹೆಚ್ಚುವಂತೆ, ಜಾಲರಿಯ ಅಲ್ಪ ಬದಲಾವಣೆ ಧನಾಗ್ರದಲ್ಲಿ ದೊಡ್ಡ ಬದಲಾವಣೆಯಾಗಿ ತೋರುತ್ತದೆ.

ಗಿಟಾರಿನ ವರ್ಧಕಗಳಲ್ಲಿ ಬಹುಮಟ್ಟಿಗೆ ಬಳಕೆಯಾಗುವ ಕೊಳವೆ 12 ಎ.ಎಕ್ಸ್. 7. ಯೂರೋಪಿನಲ್ಲಿ ಇದಕ್ಕೆ ಇ.ಸಿ.ಸಿ. 83 ಎಂದು ಹೆಸರು. ಇದರ ವರ್ಧನಾಂಕ 100. ಒಳರೋಧ ಸುಮಾರು 62,500 ಓಮ್. ಧನಾಗ್ರಕ್ಕೆ 1,00,000 ಓಮ್ ರೋಧವನ್ನು ಜೋಡಿಸಿದರೆ ದೊರೆಯುವ ವರ್ಧನೆಯನ್ನು ಲೆಕ್ಕಮಾಡಬಹುದು. ಹೊರರೋಧವನ್ನು ಒಟ್ಟು ರೋಧದಿಂದ, ಎಂದರೆ 1,62,500 ಓಮಿನಿಂದ, ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 61 ಬರುತ್ತದೆ. ಗಿಟಾರಿನ 0.1 ವೋಲ್ಟ್ ಒಂದೇ ಘಟ್ಟದಲ್ಲಿ 6 ವೋಲ್ಟಿನಷ್ಟಾಯಿತು.

ಇಂತಹ ಕೊಳವೆಗಳಿಗೂ ನಮ್ಮ ನಾಡಿಗೂ ಸಂಬಂಧವಿದೆ. 1954ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಿಂದ ರೇಡಿಯೊ ಕೊಳವೆಗಳನ್ನು ತಯಾರಿಸಿತು. ಟ್ರಾನ್ಸಿಸ್ಟರು ಬಂದ ಬಳಿಕ ರೇಡಿಯೊಗಳಿಂದಲೂ ಸಭೆಯ ವರ್ಧಕಗಳಿಂದಲೂ ಕೊಳವೆ ಮರೆಯಾಯಿತು. ರಷ್ಯ, ಸ್ಲೊವಾಕಿಯ, ಚೀನಗಳಲ್ಲಿ ಅದು ಇಂದಿಗೂ ತಯಾರಾಗುತ್ತಿದೆ. ಅದನ್ನು ಕೊಳ್ಳುವವರಲ್ಲಿ ಗಿಟಾರಿನವರದು ದೊಡ್ಡ ಪಾಲು.

ಅಲೆ ಚಪ್ಪಟೆಯಾದಾಗ

ಮೊದಲ ಘಟ್ಟದಿಂದ ಬಂದ 6 ವೋಲ್ಟನ್ನು ಎರಡನೆಯ ಕೊಳವೆಯ ಜಾಲರಿಗೆ ಕೊಟ್ಟರೆ ಆಗುವುದೇನು? ಋಣಾಗ್ರಕ್ಕೆ 1,500 ಓಮ್ ರೋಧವಿದ್ದು, ಅದರಲ್ಲಿ 1 ಮಿಲಿ ಆಂಪಿಯರ್ ಹರಿಯುತ್ತಿದೆ ಎನ್ನೋಣ. ಓಮನ ನಿಯಮದಂತೆ ಋಣಾಗ್ರವು 1.5 ವೋಲ್ಟಿನಷ್ಟು ಮೇಲೇಳುತ್ತದೆ. ಎಂದರೆ ಅದಕ್ಕೆ ಹೋಲಿಸಿದಾಗ ಜಾಲರಿಯು 1.5 ವೋಲ್ಟಿನಷ್ಟು ಋಣವಾಗಿರುತ್ತದೆ. ಬರುವ ಸಂಕೇತವು ಮೇಲ್ಮುಖವಾಗಿ ಅಷ್ಟನ್ನು ದಾಟಿದೊಡನೆ ಜಾಲರಿಯು ಧನವಾಗಿ, ಎಲೆಕ್ಟ್ರಾನುಗಳನ್ನು ತಾನೇ ಹೀರಿಕೊಳ್ಳತೊಡಗುತ್ತದೆ. ಅಲೆಯ ಆ ತಲೆ ಚಪ್ಪಟೆಯಾಗುತ್ತದೆ. ಕೆಳಮುಖವಾಗಿ ಬಹಳ ಇಳಿದರೆ ಪ್ರವಾಹವೇ ನಿಂತು ಇನ್ನೊಂದು ತಲೆಯೂ ಕತ್ತರಿಸಿಹೋಗುತ್ತದೆ. ಇವೆರಡು ಒಂದೇ ಬಗೆಯಲ್ಲಿ, ಒಂದೇ ಮಟ್ಟದಲ್ಲಿ ನಡೆಯುವುದಿಲ್ಲ ಎಂಬುದು ನೆನಪಿನಲ್ಲಿಡತಕ್ಕ ವಿಷಯ.

ಆಕಾರ ಕೆಟ್ಟ ಅಲೆಯಲ್ಲಿ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಅನುಸ್ವರಗಳೂ ಸೇರಿರುತ್ತವೆ. ಸೈನನ್ನು ವರ್ಗಮಾಡಿದರೆ ಇಮ್ಮಡಿ ಕೋನದ ಕೊಸೈನು ಬರುತ್ತದೆ ಎಂದು ತ್ರಿಕೋನಮಿತಿಯಲ್ಲಿ ನೀವು ಓದಿದ್ದೀರಿ. ಕೊಳವೆಯ ಪ್ರವಾಹದಲ್ಲಿ ಜಾಲರಿಯ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದ ಅಂಶವೊಂದಿದ್ದರೆ ಅಲ್ಲಿ ಇಮ್ಮಡಿ ಕಂಪನದ ಸ್ವರ ತಾನಾಗಿ ಹುಟ್ಟುತ್ತದೆ. ಅಲೆಯ ಎರಡು ತಲೆಗಳೂ ಸಮನಾಗಿ ಚಪ್ಪಟೆಯಾದರೆ 3, 5, 7ನೆಯ ಬೆಸ ಅನುಸ್ವರಗಳು ಮಾತ್ರ ಬರುತ್ತವೆ. ಅಸಮವಾಗಿ ಚಪ್ಪಟೆಯಾದರೆ 2, 4ನೆಯ ಸಮ ಅನುಸ್ವರಗಳೂ ಸೇರುತ್ತವೆ.

ಇದನ್ನು ಸಂಗೀತದ ಭಾಷೆಯಲ್ಲಿ ನೋಡೋಣ. ಷಡ್ಜವನ್ನು ಸೆಕೆಂಡಿಗೆ 220 ಕಂಪನವೆಂದು ಇಟ್ಟುಕೊಂಡರೆ ಎರಡನೆಯ ಅನುಸ್ವರವಾದ 440 ತಾರಷಡ್ಜ. ಮೂರನೆಯದಾದ 660 ತಾರಸಪ್ತಕದ ಪಂಚಮ. 880 ಮತ್ತೆ ಷಡ್ಜ. 1,100 ಅದರ ಮೇಲಿನ ಶುದ್ಧ ಗಾಂಧಾರ. ಹೀಗಾಗಿ ಮಿತವಾಗಿ ಒಡೆದ ದನಿಯು ಕಿವಿಗೆ ತುಂಬಿ ಬಂದಂತೆ ತೋರುತ್ತದೆ. 7ನೆಯ ಅನುಸ್ವರದಿಂದ ಮೇಲಿನ ಹಲವು ಸ್ವರಗಳು ಸಪ್ತಕದ ಯಾವ ಮನೆಗೂ ಸರಿಯಾಗಿ ಹೊಂದುವುದಿಲ್ಲ. ಅವು ಹೆಚ್ಚಾದಷ್ಟೂ ಕರ್ಕಶತೆ ಹೆಚ್ಚುತ್ತದೆ.

ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಇನ್ನೊಂದು ವಿಶೇಷ ಕಾಣುತ್ತದೆ. 200 ಕಂಪನದ ಷಡ್ಜವನ್ನೂ 300 ಕಂಪನದ ಪಂಚಮವನ್ನೂ ಕೂಡಿಸಿ ನುಡಿಸಿದಾಗ ವರ್ಧಕವು ಅವುಗಳ ಮೊತ್ತವಾದ 500ನ್ನೂ ವ್ಯತ್ಯಾಸವಾದ 100ನ್ನೂ ತಾನೇ ಹುಟ್ಟಿಸುತ್ತದೆ. 100 ಎಂಬುದು ಮಂದ್ರಷಡ್ಜ. 500 ಎಂಬುದು ತಾರಸಪ್ತಕದ ಗಾಂಧಾರ. ಎರಡೂ ಹೊಂದುವ ಸ್ವರಗಳೇ. ಇದಕ್ಕೆ ಬದಲಾಗಿ ಷಡ್ಜದೊಡನೆ ಸುಮಾರು 213 ಕಂಪನದ ಕೋಮಲ ಋಷಭವನ್ನು ನುಡಿಸಿದರೆ ವ್ಯತ್ಯಾಸ 13, ಮೊತ್ತ 413. ಈ ಯಾವುದೂ ಷಡ್ಜಕ್ಕೆ ಒಗ್ಗುವುದಿಲ್ಲ. ಮಾತಿನಲ್ಲಿಯಂತೂ ಇಂತಹ ಹೊಂದದ ಸ್ವರಗಳ ರಾಶಿಯೇ ಇರುತ್ತದೆ. ನಾಟಕದ ಮಾತನ್ನು ಕೆಡಿಸುವ ವರ್ಧಕವೇ ಗಿಟಾರಿನ ಷಡ್ಜ-ಪಂಚಮಕ್ಕೆ ಕಾಂತಿಯನ್ನು ಕೊಡುವುದಕ್ಕೆ ಇದೇ ಕಾರಣ.

ಒಳಗಿನ ಶ್ರುತಿ

ವರ್ಧಕವನ್ನು ಶ್ರುತಿಮಾಡುವುದೆಂದರೆ ತಂತಿ ಬಿಗಿಯುವಂತಹ ಕೆಲಸವಲ್ಲ. ಮೀರಜಿನ ಕುಶಲಿಯು ತಂಬೂರಿಯ ಕುದುರೆಯನ್ನು ನವಿರಾಗಿ ಉಜ್ಜಿ ಜವಾರಿ ಕೂಡಿಸುವುದನ್ನು ಇದಕ್ಕೆ ಹೋಲಿಸಬಹುದು. ತಂಬೂರಿಯ ಮೂಲಸ್ವರ ಬದಲಾಗದು. ಅನುಸ್ವರಗಳ ಪ್ರಮಾಣ ಬದಲಾಗುತ್ತದೆ. ವರ್ಧಕದಲ್ಲಿ ಆ ಕೆಲಸವನ್ನು ನಾಲ್ಕು ಸ್ಥಳಗಳಲ್ಲಿ ಮಾಡುತ್ತಾರೆ.

ಮೊದಲನೆಯದು ಘಟ್ಟಗಳ ನಡುವಿನ ಧಾರಕ. ರೇಡಿಯೊ ರಿಪೇರಿಯವರು ಕಂಡೆನ್ಸರು ಎನ್ನುವುದು ಇದನ್ನೇ. 2, ಪೈ, ರೋಧ, ಧಾರಕತೆ, ಈ ನಾಲ್ಕರ ಗುಣಲಬ್ಧದಿಂದ 1ನ್ನು ಭಾಗಿಸಿದರೆ ಒಂದು ಗಡಿಕಂಪನ ದೊರೆಯುತ್ತದೆ. ಅದಕ್ಕಿಂತ ತಗ್ಗಿನ ಸ್ವರಗಳು ಕ್ರಮೇಣ ಕ್ಷೀಣಿಸುತ್ತವೆ. ರೋಧ 10 ಲಕ್ಷ ಓಮ್, ಧಾರಕತೆ 0.02 ಮೈಕ್ರೊಫ್ಯಾರಡ್ ಆಗಿದ್ದರೆ ಗಡಿ ಸುಮಾರು 8, ಧಾರಕತೆಯನ್ನು 0.002ಕ್ಕೆ ಇಳಿಸಿದರೆ ಗಡಿ ಸುಮಾರು 80. ಗಿಟಾರಿನ ಅತಿ ತಗ್ಗಿನ ತಂತಿಯ ಸ್ವರ ಸುಮಾರು 82 ಕಂಪನ. ದನಿ ಒಡೆಯುವ ಘಟ್ಟಕ್ಕೆ ಮುಂಚೆ ಮಂದ್ರಸ್ವರಗಳನ್ನು ಇಷ್ಟು ತಗ್ಗಿಸಿದರೆ ದನಿ ರಾಡಿಯಾಗುವುದು ತಪ್ಪುತ್ತದೆ. ಕೆಲವು ರೂಪಾಯಿಗಳ ಒಂದು ಧಾರಕ ಇಡೀ ವರ್ಧಕದ ಸ್ವಭಾವವನ್ನು ಬದಲಿಸಿತು.

ಎರಡನೆಯದು ಘಟ್ಟಗಳ ಸಂಖ್ಯೆ ಮತ್ತು ಅವುಗಳ ನಡುವಿನ ಕಡಿತ. ಪ್ರತಿ ಘಟ್ಟವೂ 60 ಪಟ್ಟು ಹಿಗ್ಗಿಸುವುದರಿಂದ ನಡುವೆ ರೋಧಗಳನ್ನಿಟ್ಟು ಸಂಕೇತವನ್ನು ತಗ್ಗಿಸಬೇಕಾಗುತ್ತದೆ. ಎಲ್ಲಿ ಎಷ್ಟು ತಗ್ಗಿಸಬೇಕು, ಯಾವ ಕೊಳವೆ ಮೊದಲು ಒಡೆಯಬೇಕು ಎಂಬ ನಿರ್ಧಾರದಲ್ಲಿ ಕಟ್ಟುವವನ ಕಿವಿಗೆ ಕೆಲಸವುಂಟು.

ಮೂರನೆಯದು ಋಣ ಪ್ರತಿಪೋಷಣೆ. ಹೊರಬಂದ ಸಂಕೇತದ ಒಂದು ಅಂಶವನ್ನು ತಿರುಗುಮುರುಗಾಗಿ ಹಿಂದಕ್ಕೆ ಕೊಟ್ಟರೆ ವಿಕಾರಗಳು ತಮ್ಮನ್ನು ತಾವೇ ಕಳೆದುಕೊಳ್ಳುತ್ತವೆ. ಸಭೆಯ ವರ್ಧಕದಲ್ಲಿ ಇದು ಹೇರಳವಾಗಿರಬೇಕು. ಆದರೆ ಹೀಗೆ ತಿದ್ದಿದ ವರ್ಧಕವು ಶಕ್ತಿ ಮುಗಿದ ಕ್ಷಣದಲ್ಲಿ ಒಮ್ಮೆಲೇ ಒಡೆಯುತ್ತದೆ. ಪ್ರತಿಪೋಷಣೆ ಕಡಮೆಯಿದ್ದರೆ ದನಿ ಮೆಲ್ಲಮೆಲ್ಲನೆ ಒಡೆಯುತ್ತದೆ. ಬೆರಳು ಮೃದುವಾಗಿ ಮೀಟಿದರೆ ಸ್ವಚ್ಛವಾಗಿಯೂ ಬಿರುಸಾಗಿ ಮೀಟಿದರೆ ಒಡೆದೂ ಬರುತ್ತದೆ. ಗಿಟಾರಿನವನು ಮೆಚ್ಚುವ ಗುಣ ಇದೇ.

ನಾಲ್ಕನೆಯದು ಶಕ್ತಿಕೊಳವೆಗಳ ವಿಶ್ರಾಂತಿ ಪ್ರವಾಹ. 6 ಎಲ್ 6 ಜಿ.ಸಿ. ಎಂಬ ಕೊಳವೆಯ ಧನಾಗ್ರವು 30 ವಾಟಿನ ಶಾಖವನ್ನು ತಾಳಬಲ್ಲುದು. ಅದರ ನೂರಕ್ಕೆ 70ರಷ್ಟು, ಎಂದರೆ 21 ವಾಟು, ಸುರಕ್ಷಿತವೆಂದು ರೂಢಿ. ಧನಾಗ್ರದ ವೋಲ್ಟೇಜು 450 ಆಗಿದ್ದರೆ 21ನ್ನು 450ರಿಂದ ಭಾಗಿಸಿ, ಸುಮಾರು 46 ಮಿಲಿ ಆಂಪಿಯರಿಗೆ ಪ್ರವಾಹವನ್ನು ಹೊಂದಿಸುತ್ತಾರೆ. ಇದಕ್ಕಿಂತ ಬಹಳ ತಗ್ಗಿದರೆ ದನಿ ಬತ್ತಿದಂತಾಗುತ್ತದೆ. ಹೆಚ್ಚಿದರೆ ಕೊಳವೆ ಕೆಂಪಗೆ ಕಾದು ಕೆಡುತ್ತದೆ.

ಒಂದು ಎಚ್ಚರಿಕೆ

ಹಳೆಯ ವಾಲ್ವು ಸೆಟ್ಟುಗಳು ನಮ್ಮ ಊರುಗಳಲ್ಲಿ ಗುಜರಿಗೆ ಬೀಳುವುದುಂಟು. ಅವನ್ನು ಕಂಡು ಬಿಚ್ಚಿನೋಡುವ ಆಸೆ ವಿದ್ಯಾರ್ಥಿಗಳಿಗೆ ಸಹಜ. ಆದರೆ 450 ವೋಲ್ಟಿಗೆ ತುಂಬಿದ 50 ಮೈಕ್ರೊಫ್ಯಾರಡ್ ಧಾರಕದಲ್ಲಿ ಸುಮಾರು 5 ಜೂಲ್ ಶಕ್ತಿ ಅಡಗಿರುತ್ತದೆ. ಸ್ವಿಚ್ಚು ಆರಿಸಿ ತಂತಿ ಕಿತ್ತ ಮೇಲೂ ಅದು ಬಹಳ ಹೊತ್ತು ಉಳಿದಿರಬಹುದು. ಒಂದು ಕೈಯಿಂದ ಇನ್ನೊಂದು ಕೈಗೆ ಹೃದಯದ ಮೂಲಕ ಹರಿದರೆ ಪ್ರಾಣಕ್ಕೇ ಅಪಾಯ. ತಿಳಿದವರು ರೋಧದ ಮೂಲಕ ಅದನ್ನು ಬರಿದುಮಾಡಿ, ಮೀಟರಿನಿಂದ ಪರೀಕ್ಷಿಸಿದ ಹೊರತು ಒಳಗೆ ಕೈಯಿಡಲಾಗದು.

ಇಬ್ಬರು ಕುಶಲಿಗಳು

ಇನ್ನು ಬೆಲೆಯ ವಿಷಯಕ್ಕೆ ಬರೋಣ. ಹವರ್ಡ್ ಡಂಬಲ್ (1944–2022) ಕ್ಯಾಲಿಫೋರ್ನಿಯದಲ್ಲಿದ್ದುಕೊಂಡು ತನ್ನ ಜೀವಮಾನದಲ್ಲಿ ಕಟ್ಟಿದ ವರ್ಧಕಗಳು ಸುಮಾರು ಮುನ್ನೂರು ಮಾತ್ರ. ವಾದಕನ ಕೈಯ ಸ್ವಭಾವವನ್ನು ಆಲಿಸಿ, ಅದಕ್ಕೆ ಹೊಂದುವಂತೆ ಧಾರಕ, ರೋಧಗಳನ್ನು ಆರಿಸುವುದು ಅವನ ಪದ್ಧತಿ. ಒಬ್ಬನಿಗೆ ಕಟ್ಟಿದುದು ಇನ್ನೊಬ್ಬನದರ ಪಡಿಯಚ್ಚಲ್ಲ. ಓವರ್‌ಡ್ರೈವ್ ಸ್ಪೆಷಲ್ ಎಂಬ ಅವನ ಪ್ರಸಿದ್ಧ ಮಾದರಿಯಲ್ಲಿ ಸ್ವಚ್ಛ ದನಿಯ ಘಟ್ಟಗಳ ಮುಂದೆ ಇನ್ನೆರಡು ಘಟ್ಟಗಳಿದ್ದು, ಬೇಕಾದಾಗ ಅವನ್ನು ಸೇರಿಸಿ ದನಿಯನ್ನು ಒಡೆಸಬಹುದು. ಯಾರೂ ನಕಲು ಮಾಡಬಾರದೆಂದು ಆತನು ಮಂಡಲದ ಮುಖ್ಯ ಭಾಗದ ಮೇಲೆ ಎಪಾಕ್ಸಿ ರಾಳವನ್ನು ಸುರಿದು ಗಟ್ಟಿಮಾಡಿ ಮುಚ್ಚುತ್ತಿದ್ದನು.

ನ್ಯೂಜರ್ಸಿಯ ಕೆನ್ ಫಿಶರ್ ಇನ್ನೊಬ್ಬನು. ಟ್ರೇನ್‌ರೆಕ್ ಎಂಬ ಹೆಸರಿನಲ್ಲಿ ಅವನು ಕಟ್ಟಿದ ವರ್ಧಕಗಳು ಇನ್ನೂ ವಿರಳ. ಅವುಗಳಿಗೆ ಕ್ರಮಸಂಖ್ಯೆಯ ಬದಲು ಹೆಣ್ಣುಮಕ್ಕಳ ಹೆಸರುಗಳನ್ನಿಡುತ್ತಿದ್ದನು. 2006ರಲ್ಲಿ ಅವನು ತೀರಿಕೊಂಡನು.

ಗಮನಿಸತಕ್ಕ ಸಂಗತಿಯೊಂದಿದೆ. ಡಂಬಲನ ರಾಳವನ್ನು ಕೆಲವರು ಎಚ್ಚರಿಕೆಯಿಂದ ಕಿತ್ತು, ಒಳಗಿನ ಬಿಡಿಭಾಗಗಳನ್ನು ಅಳೆದು, ಮಂಡಲದ ನಕ್ಷೆಯನ್ನು ಬರೆದರು. ಅಲ್ಲಿ ಸಿಕ್ಕಿದುದು ಮೇಲೆ ವಿವರಿಸಿದಂತಹ ಕೊಳವೆ, ರೋಧ, ಧಾರಕಗಳೇ. ನಕ್ಷೆ ಬಹಿರಂಗವಾಯಿತು, ಹಲವರು ಅದರಂತೆ ವರ್ಧಕಗಳನ್ನು ಕಟ್ಟಿ ಮಾರಿದರು. ಗುಟ್ಟಿಗೇ ಬೆಲೆಯಿದ್ದಿದ್ದರೆ ಗುಟ್ಟು ರಟ್ಟಾದೊಡನೆ ಮೂಲದ ಬೆಲೆ ಕುಸಿಯಬೇಕಾಗಿತ್ತು. ಅದು ಏರಿತು.

ಬೆಲೆಯ ಮೂರು ಪಾಲು

ಇದನ್ನು ಅರಿಯಲು ಇಳಕಲ್ಲಿನ ಸೀರೆಯನ್ನು ನೆನೆಯೋಣ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳು ಬೇರೆ, ಸೆರಗಿನ ಹಾಸಿನ ರೇಷ್ಮೆ ಎಳೆಗಳು ಬೇರೆ. ಇವೆರಡನ್ನು ಎಳೆಗೆ ಎಳೆಯಾಗಿ ಕೊಂಡಿಹಾಕಿ ಕೂಡಿಸುತ್ತಾರೆ. ಅದರ ಬೆಲೆಯಲ್ಲಿ ನೂಲಿನದೊಂದು ಪಾಲು, ನೇಕಾರನ ದುಡಿಮೆಯದೊಂದು ಪಾಲು. ಅಂತಹ ಸೀರೆ ಇನ್ನೊಂದು ಬೇಕಾದರೆ ಮತ್ತೆ ನೇಯಬಹುದು. ಆದ್ದರಿಂದ ಬೆಲೆ ದುಡಿಮೆಯ ಹತ್ತಿರವೇ ನಿಲ್ಲುತ್ತದೆ. ಹಲವೊಮ್ಮೆ ದುಡಿಮೆಗೂ ಕಡಮೆಯಾಗುತ್ತದೆ ಎಂಬುದೇ ನಮ್ಮ ಜಿಲ್ಲೆಯ ನೇಕಾರರ ದುಃಖ.

ಡಂಬಲನ ವರ್ಧಕದಲ್ಲಿ ಮೂರನೆಯ ಪಾಲೊಂದು ಸೇರಿದೆ: ವಿರಳತೆ. ಕಟ್ಟಿದವನು ಈಗಿಲ್ಲ, ಪೂರೈಕೆ ಎಂದೆಂದಿಗೂ ಅಷ್ಟೇ. ಕೊಳ್ಳಲು ಹಣವುಳ್ಳವರು ಹೆಚ್ಚಿದರೆ ಬೆಲೆ ಏರುವುದೊಂದೇ ದಾರಿ. ಪ್ರಸಿದ್ಧ ವಾದಕನೊಬ್ಬನ ಕೈಯಲ್ಲಿ ಇದ್ದುದಾದರೆ ಇನ್ನಷ್ಟು ಏರುತ್ತದೆ. ಇದಾವುದೂ ದನಿಯ ಗುಣವಲ್ಲ.

ಸಂಗ್ರಾಹಕನು ಪರೀಕ್ಷಿಸುವ ಅಂಶಗಳೇ ಇದಕ್ಕೆ ಸಾಕ್ಷಿ. ಬೆಸುಗೆಗಳನ್ನು ಯಾರೂ ಮುಟ್ಟಿಲ್ಲವೆ, ಟ್ರಾನ್ಸ್‌ಫಾರ್ಮರು ಮೊದಲಿನದೆ ಎಂದು ಅವನು ನೋಡುತ್ತಾನೆ. ಹಳೆಯ ಅಮೆರಿಕದ ವರ್ಧಕಗಳ ಬಿಡಿಭಾಗಗಳ ಮೇಲೆ ಅಂಕಿಗಳು ಮುದ್ರಿತವಾಗಿರುತ್ತವೆ. ಸ್ವರ ಹೊಂದಿಸುವ ಗುಂಡಿಯ ಹಿಂದೆ 137 6412 ಎಂದಿದ್ದರೆ 137 ತಯಾರಕರ ಸಂಕೇತ. ಉಳಿದುದು 1964ರ 12ನೆಯ ವಾರ ಎಂದರ್ಥ. 1959ರ ವರ್ಧಕವೆಂದು ಮಾರುವವನ ಪೆಟ್ಟಿಗೆಯಲ್ಲಿ ಈ ಅಂಕಿ ಕಂಡರೆ ಆ ಭಾಗವು ಮೂಲದ್ದಲ್ಲವೆಂದು ತಿಳಿಯಬಹುದು.

ಇಲ್ಲಿ ಒಂದು ವಿಪರೀತವೂ ಉಂಟು. ವಿದ್ಯುದ್ವಿಶ್ಲೇಷಕ ಧಾರಕಗಳು ದಶಕಗಳಲ್ಲಿ ಒಣಗಿ ಕೆಡುತ್ತವೆ. ಆಗ ವರ್ಧಕವು ಗುಂಯ್ ಎನ್ನುತ್ತದೆ. ನಮ್ಮ 50 ಆವರ್ತದ ವಿದ್ಯುತ್ತಿನಲ್ಲಿ ಈ ಗುಂಯ್‌ಕಾರ 100 ಕಂಪನದ್ದು. ಅವನ್ನು ಬದಲಿಸಿದರೆ ವರ್ಧಕ ಚೆನ್ನಾಗಿ ನುಡಿಯುತ್ತದೆ, ಸುರಕ್ಷಿತವೂ ಆಗುತ್ತದೆ. ಆದರೆ "ಮೂಲರೂಪ" ಹೋಯಿತೆಂದು ಸಂಗ್ರಾಹಕನು ಬೆಲೆಯನ್ನು ಇಳಿಸಬಹುದು. ನುಡಿಸುವವನಿಗೆ ಹಿತವಾದುದು ಕೂಡಿಡುವವನಿಗೆ ನಷ್ಟವಾಗಿ ಕಾಣುತ್ತದೆ.

ಕಿವಿಯ ಪರೀಕ್ಷೆ

ಹಾಗಾದರೆ ಮೂಲಕ್ಕೂ ನಕಲಿಗೂ ದನಿಯಲ್ಲಿ ವ್ಯತ್ಯಾಸವೇ ಇಲ್ಲವೆ? ಇರಬಹುದು, ಬಿಡಿಭಾಗಗಳು ತೋರಿಕೆಯ ಬೆಲೆಗಿಂತ ನೂರಕ್ಕೆ 10 ಹೆಚ್ಚು ಕಡಮೆ ಇರುವುದು ಸಾಮಾನ್ಯ. ಅದನ್ನು ನಿರ್ಣಯಿಸುವ ಮಾರ್ಗ ಸುಲಭವಾಗಿದೆ. ಯಾವ ಕಾಲೇಜಿನಲ್ಲಾದರೂ ಎರಡು ಸಾಧಾರಣ ವರ್ಧಕಗಳಿಂದ ಮಾಡಿನೋಡಬಹುದು. ಎರಡನ್ನೂ ಪರದೆಯ ಹಿಂದೆ ಇಡಿರಿ. ಮೊದಲು ಎರಡರ ಗಟ್ಟಿತನವನ್ನು ಮಾಪಕದಿಂದ ಸಮಮಾಡಿರಿ. ಏಕೆಂದರೆ ತುಸು ಗಟ್ಟಿಯಾದ ದನಿಯನ್ನೇ ಕಿವಿ ಉತ್ತಮವೆಂದು ಎಣಿಸುತ್ತದೆ. ಬಳಿಕ ನಾಣ್ಯ ಚಿಮ್ಮಿ, ಅದರಂತೆ ಒಂದನ್ನು ನುಡಿಸಿ, ಯಾವುದೆಂದು ಕೇಳುಗನು ಬರೆಯಲಿ. ಹೀಗೆ ಹತ್ತು ಬಾರಿ ಮಾಡಿರಿ. ಬರಿಯ ಊಹೆಯಿಂದ ಹತ್ತೂ ಸರಿಯಾಗುವ ಸಂಭವ 1,024ರಲ್ಲಿ 1. ಎಂಟು ಅಥವಾ ಹೆಚ್ಚು ಸರಿಯಾಗುವ ಸಂಭವ 1,024ರಲ್ಲಿ 56, ಎಂದರೆ ನೂರಕ್ಕೆ ಐದೂವರೆ. ಐದಾರು ಮಾತ್ರ ಸರಿಯಾದರೆ, ತಾನು ವ್ಯತ್ಯಾಸವನ್ನು ಕೇಳಿದೆನೆಂದು ಹೇಳಲು ಕೇಳುಗನಿಗೆ ಆಧಾರ ಸಾಲದು.

ಬೆಲೆಯನ್ನು ನೋಡಿ ದನಿಯನ್ನು ಅಳೆಯುವುದೂ, ದನಿಯನ್ನು ವಿವರಿಸಬಹುದೆಂದು ಕುಶಲಿಯ ಶ್ರಮವನ್ನು ಕೀಳಾಗಿ ಕಾಣುವುದೂ ಒಂದೇ ಸಮನಾದ ತಪ್ಪುಗಳು. ಡಂಬಲನ ಕಿವಿ ಆರಿಸಿದ ಧಾರಕವನ್ನು ನಾವು ಸೂತ್ರದಿಂದ ವಿವರಿಸಬಲ್ಲೆವು. ಆದರೆ ಯಾವುದನ್ನು ಆರಿಸಬೇಕೆಂದು ಸೂತ್ರ ತಾನಾಗಿ ಹೇಳುವುದಿಲ್ಲ. ಆ ಆಯ್ಕೆಯ ವಿವೇಕ ಎಂಬತ್ತು ಲಕ್ಷ ರೂಪಾಯಿಯ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದಿಲ್ಲ. ಓಮನ ನಿಯಮವನ್ನೂ ಷಡ್ಜ-ಪಂಚಮವನ್ನೂ ಬಲ್ಲ ವಿದ್ಯಾರ್ಥಿಯು ತಾಳ್ಮೆಯಿಂದ ಅದನ್ನು ಗಳಿಸಬಹುದು.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ಷಡ್ಜ 240 ಕಂಪನವಾದರೆ ಅದರ ಎರಡು, ಮೂರು, ಐದನೆಯ ಅನುಸ್ವರಗಳಾವುವು? ಅವು ಯಾವ ಸ್ವರಗಳಾಗುತ್ತವೆ?

2. ರೋಧ 4,70,000 ಓಮ್, ಧಾರಕತೆ 0.002 ಮೈಕ್ರೊಫ್ಯಾರಡ್ ಆದರೆ ಗಡಿಕಂಪನವೆಷ್ಟು? ಗಿಟಾರಿನ ತಗ್ಗಿನ ತಂತಿಯ ಮೇಲೆ ಅದರ ಪರಿಣಾಮವೇನು?

3. ಶಕ್ತಿಕೊಳವೆಗಳಿಗೆ 4,000 ಓಮಿನಂತೆಯೂ ಸ್ಪೀಕರಿಗೆ 8 ಓಮಿನಂತೆಯೂ ಕಾಣಬೇಕಾದ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಪ್ರಮಾಣವನ್ನು ಕಂಡುಹಿಡಿಯಿರಿ. ರೋಧಗಳ ಪ್ರಮಾಣವು ಸುತ್ತುಗಳ ಪ್ರಮಾಣದ ವರ್ಗವೆಂಬುದನ್ನು ನೆನಪಿಡಿರಿ.

(ಉತ್ತರಗಳು: 1. 480 ತಾರಷಡ್ಜ, 720 ತಾರಪಂಚಮ, 1,200 ಅದರ ಮೇಲಿನ ಸಪ್ತಕದ ಗಾಂಧಾರ. 2. ಸುಮಾರು 169, ತಗ್ಗಿನ ತಂತಿಯ ಮೂಲಸ್ವರ ಅರ್ಧಕ್ಕಿಂತಲೂ ಕಡಮೆಯಾಗುತ್ತದೆ. 3. ಸುಮಾರು 22.4ಕ್ಕೆ 1.)